ಆರನೇ ಪುಟದ ಒಂದು ಸಾಲು

ಮೇಡಂ, ನಮಸ್ಕಾರ.

ಸ್ವಾತಂತ್ರ್ಯ ಹೋರಾಟಗಾರ್ತಿ, ಕರಕುಶಲ ಕಲೆಗಳಿಗಾಗಿ ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಲ್ಯದ ಬಗ್ಗೆ ನೀವು ಕಳಿಸಿದ ಹದಿನಾಲ್ಕು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಗೆ ತೆಗೆದುಕೊಳ್ಳಲಾರೆ. ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಸಂಪಾದಕರು ದಿನಕ್ಕೆ ನಾಲ್ಕು ಸಲ ಹೇಳುವ ಸುಳ್ಳು ಅದು. ನಿಮಗೆ ಹೇಳಲು ಮನಸ್ಸಾಗಲಿಲ್ಲ, ಯಾಕೆಂದರೆ ಆರನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಆರಂಭ. ‘1903ರ ಏಪ್ರಿಲ್ 3ರಂದು ಕಡಲ ತಡಿಯ ಮಂಗಳೂರಿನಲ್ಲಿ ಕ್ರಾಂತಿಯ ಕಿಡಿಯೊಂದು ಜನ್ಮ ತಾಳಿತು.’ ಹುಟ್ಟಿದ್ದು ಕೂಸು, ಮೇಡಂ. ಅದೂ ನಾಲ್ಕನೆಯ ಹೆಣ್ಣುಕೂಸು. ಆ ಕಾಲದ ಮನೆಯಲ್ಲಿ ಅದೇ ಒಂದು ಸುದ್ದಿ, ಕಿಡಿ ಹಾರಿಸುವ ಅಗತ್ಯವಿರಲಿಲ್ಲ. ‘ಬಾಲ್ಯದಿಂದಲೇ ಅನ್ಯಾಯ ಕಂಡರೆ ಸಿಡಿದೇಳುತ್ತಿದ್ದಳು’ ಎಂಬ ಧಾಟಿಯ ಮಾತು ಏಳು ಕಡೆ ಬಂದಿದೆ. ಪೆನ್ಸಿಲ್ ಗುರುತು ಹಾಕಿದ್ದೇನೆ. ಯಾವ ಅನ್ಯಾಯ, ಯಾರಿಂದ ಆದದ್ದು ಎಂದು ಒಂದು ಕಡೆಯೂ ಇಲ್ಲ. ಮುಂದೆ ದೊಡ್ಡವರಾಗುತ್ತಾರೆಂದು ನಿಮಗೆ ಗೊತ್ತು, ಹಾಗಾಗಿ ತೊಟ್ಟಿಲಲ್ಲೇ ಹಾರ ಹಾಕಿಬಿಟ್ಟಿದ್ದೀರಿ.

ಎರಡನೆಯದು ಸಂಭಾಷಣೆ. ತಾಯಿ ಗಿರಿಜಾಬಾಯಿ ಮಗಳ ತಲೆ ಸವರಿ ‘ಕಂದಾ, ನಿನ್ನ ಬಾಳು ತಾಯ್ನಾಡಿಗೆ ಮುಡಿಪಾಗಿರಲಿ’ ಎನ್ನುತ್ತಾರೆ. ಇದು ಎಲ್ಲಿ ದಾಖಲಾಗಿದೆ? ಎಲ್ಲೂ ಇಲ್ಲದಿದ್ದರೆ ತೆಗೆಯಿರಿ. ಅದಕ್ಕಿಂತ ಮುಖ್ಯವಾಗಿ, ಅದು ಸಾರಸ್ವತರ ಮನೆ, ಮನೆಮಾತು ಕೊಂಕಣಿ. ನೀವು ಕರಾವಳಿಯವರೇ, ಆದರೂ ಆ ತಾಯಿಯ ಬಾಯಲ್ಲಿ ಕಂಪೆನಿ ನಾಟಕದ ಕನ್ನಡ ಇಟ್ಟಿದ್ದೀರಿ. ಇಡೀ ಲೇಖನದಲ್ಲಿ ಕೊಂಕಣಿಯ ಹೆಸರೇ ಇಲ್ಲ.

ಚಿಕ್ಕಪುಟ್ಟ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯ ಊರು. ‘ಮೈಸೂರು ಸಂಸ್ಥಾನದ ಹೆಮ್ಮೆಯ ಕುವರಿ’ ಎಂಬುದು ನಡೆಯುವುದಿಲ್ಲ. ಹುಡುಗಿ ಓದಲು ಬೆಂಗಳೂರಿಗೆ ಬರದೆ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದದ್ದು ಯಾಕೆಂಬುದಕ್ಕೂ ಪ್ರಾಂತ್ಯದ ನಕ್ಷೆ ಅರ್ಧ ಉತ್ತರ ಕೊಡುತ್ತದೆ. ಆಕೆಯನ್ನು ಬಸ್ಸಿನಲ್ಲಿ ಬೇರೆ ಕಳಿಸಿದ್ದೀರಿ! 1907ರಲ್ಲೇ ಮಂಗಳೂರಿಗೆ ರೈಲು ಬಂದಿತ್ತು.

ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮುಂತಾದ ಸುಧಾರಕರ ಒಡನಾಟ ಆ ಕುಟುಂಬಕ್ಕಿತ್ತು, ನಿಜ. ಆದರೆ ನೀವು ಒಂದೂವರೆ ಪುಟ ಬರೀ ಹೆಸರು ಪೋಣಿಸಿದ್ದೀರಿ. ಮದುವೆ ಆಮಂತ್ರಣದ ಕೊನೆಗೆ ‘ಸುಖಾಗಮನ ಬಯಸುವವರು’ ಎಂದು ಇರುತ್ತದಲ್ಲ, ಹಾಗೆ ಕಾಣುತ್ತದೆ.

ಈಗ ಆರನೇ ಪುಟ. ‘ತಂದೆ ಅನಂತಯ್ಯ ಧಾರೇಶ್ವರರು ಉಯಿಲು ಬರೆಯದೆ ತೀರಿಕೊಂಡಾಗ ಕಮಲಾಗೆ ಏಳು ವರ್ಷ. ಆಸ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಗಿರಿಜಾಬಾಯಿ ಜೀವನಾಂಶ ಬೇಡವೆಂದರು.’ ಇಷ್ಟು ಬರೆದು ಮುಂದಿನ ಪ್ಯಾರಾದಲ್ಲಿ ಸೂರ್ಯಾಸ್ತ ವರ್ಣಿಸಲು ಹೊರಟುಹೋಗಿದ್ದೀರಿ. ನಾನಾದರೋ ಅಲ್ಲೇ ನಿಂತುಬಿಟ್ಟೆ.

ನನ್ನ ಅಜ್ಜಿಯ ತಂಗಿ ಒಬ್ಬರಿದ್ದರು, ಎಳೆ ವಯಸ್ಸಿನಲ್ಲೇ ಗಂಡ ಹೋದವರು. ಗಂಡನ ಮನೆಯಿಂದ ವರ್ಷಕ್ಕೆ ಇಷ್ಟು ಅಕ್ಕಿ ಎಂದು ನಿಗದಿಯಾಗಿತ್ತು. ಅದನ್ನು ಯಾರೂ ತಂದುಕೊಡುತ್ತಿರಲಿಲ್ಲ. ಅವರೇ ಹೋಗಿ ಹಿತ್ತಿಲ ಬಾಗಿಲಲ್ಲಿ ನಿಲ್ಲಬೇಕು. ಬೇರೆಯವರಿಗೆ ಅಳೆಯುವಾಗ ಸೇರಿನ ಮೇಲೆ ಅಕ್ಕಿಯನ್ನು ಗೋಪುರದಂತೆ ನಿಲ್ಲಿಸುತ್ತಿದ್ದರಂತೆ. ಅವರಿಗೆ ಅಳೆಯುವಾಗ ಮಾತ್ರ ಅಂಗೈಯಿಂದ ಒರಸಿ ಸಮ ಮಾಡುತ್ತಿದ್ದರಂತೆ. ತೊಂಬತ್ತು ದಾಟಿದ ಮೇಲೂ, ಊರು ಹೆಸರು ಎಲ್ಲ ಮರೆತ ಮೇಲೂ, ಆ ಅಂಗೈ ಆಡಿದ್ದನ್ನು ಅವರು ಮಾಡಿ ತೋರಿಸುತ್ತಿದ್ದರು. ಜೀವನಾಂಶ ಎಂಬ ಪದ ಓದಿದಾಗಲೆಲ್ಲ ನನಗೆ ಕಾಣುವುದು ಆ ಕೈ.

ಗಿರಿಜಾಬಾಯಿ ಬೇಡವೆಂದದ್ದು ಇದನ್ನು. ತವರಿನಿಂದ ತನಗೆ ಬಂದಿದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕುತ್ತೇನೆಂದರು. ಆಗಿನ ಹಿಂದೂ ಕಾನೂನಿನಲ್ಲಿ ಮಗನಿದ್ದರೆ ವಿಧವೆಗೆ ಅನ್ನ ಬಟ್ಟೆಯ ಹಕ್ಕು ಮಾತ್ರ, ಪಾಲಿಲ್ಲ. ವಿಧವೆಗೆ ತನ್ನ ಜೀವಿತಕಾಲದ ಮಟ್ಟಿಗೆ ಪಾಲು ಸಿಕ್ಕಿದ್ದು 1937ರ ಕಾಯ್ದೆಯಿಂದ, ಪೂರ್ಣ ಒಡೆತನ 1956ರಲ್ಲಿ. ಇದನ್ನು ಎರಡು ವಾಕ್ಯದಲ್ಲಿ ಹೇಳಿ. ಜೊತೆಗೆ, ದಕ್ಷಿಣ ಕೆನರಾದಲ್ಲಿ ಮಾತ್ರ ಹೇಳಬಹುದಾದ ಇನ್ನೊಂದು ಸಂಗತಿಯಿದೆ, ಅದನ್ನು ನೀವು ಹೇಗೆ ಬಿಟ್ಟಿರೋ! ಅದೇ ಜಿಲ್ಲೆಯ ಬಂಟ ಸಮುದಾಯದಲ್ಲಿ ಆಗ ಅಳಿಯಸಂತಾನ. ಯಜಮಾನಿಕೆ ಗಂಡಸಿನ ಕೈಯಲ್ಲಿದ್ದರೂ ಆಸ್ತಿ ಹರಿಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಒಂದೇ ಮಣ್ಣಿನಲ್ಲಿ ಒಂದು ಬೇಲಿಯಾಚೆ ಹೆಣ್ಣಿನಿಂದ ಮನೆತನ, ಈಚೆ ಹೆಣ್ಣಿಗೆ ಅಳೆದುಕೊಡುವ ಅನ್ನ. ಏಳು ವರ್ಷದ ಮಗುವಿಗೆ ಕಾನೂನು ಅರ್ಥವಾಯಿತೋ ಇಲ್ಲವೋ, ಇದ್ದ ಮನೆ ತಮ್ಮದಲ್ಲ ಎಂಬುದಂತೂ ಗೊತ್ತಾಗದೆ ಇರಲಾರದು.

ಇದಾದ ಮೇಲೆ ಇನ್ನೊಂದು ಗಂಟಿದೆ. ನೀವು ಅದನ್ನು ಬಿಚ್ಚುವ ಬದಲು ಬಟ್ಟೆ ಮುಚ್ಚಿದ್ದೀರಿ. ಅಕ್ಕ ಸಗುಣಾ, ಕಮಲಾ ತುಂಬ ನೆಚ್ಚಿಕೊಂಡಿದ್ದವಳು, ಎಳೆ ಪ್ರಾಯದಲ್ಲೇ ಮದುವೆಯಾಗಿ ಸ್ವಲ್ಪ ಕಾಲದಲ್ಲೇ ತೀರಿಕೊಂಡಳು. ನಿಮ್ಮಲ್ಲಿ ಇದು ‘ಸಹೋದರಿಯ ಅಗಲಿಕೆ’ ಎಂಬ ಎರಡು ಪದ. ಹೀಗೆ ಒಬ್ಬಳನ್ನು ಕಳೆದುಕೊಂಡ ಮನೆಯಲ್ಲೇ 1917ರಲ್ಲಿ ಕಮಲಾಗೂ ಹದಿನಾಲ್ಕಕ್ಕೆ ಮದುವೆಯಾಯಿತು. ವರ ಕೃಷ್ಣರಾವ್. ಎರಡು ವರ್ಷದೊಳಗೆ ಆತ ಹೋದರು. ಶಾಲೆ ಮುಗಿಸದ ಹುಡುಗಿ ವಿಧವೆ. ನೀವು ಬರೆದದ್ದು: ‘ವಿಧಿ ತನ್ನ ಕ್ರೂರ ಆಟವಾಡಿತು.’ ವಿಧಿಯ ಮೇಲೆ ಹೊರಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಜೀವನಾಂಶ ತಳ್ಳಿದ, ಸುಧಾರಕರ ಒಡನಾಟವಿದ್ದ ತಾಯಿಯ ಮನೆಯಲ್ಲೇ ಈ ಮದುವೆಯೂ ನಡೆದದ್ದು. ತಾಯಿಯ ಮನಸ್ಸಲ್ಲಿ ಏನಿತ್ತೆಂದು ಊಹಿಸಲು ಹೋಗಬೇಡಿ, ಆಕೆಯನ್ನು ದೂರಲೂ ಬೇಡಿ. ಎರಡೂ ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಿರಿ. ಓದುವವರು ದಡ್ಡರಲ್ಲ.

ಇನ್ನೂ ಒಂದು ಮಾತು. 1927ರಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ಕಮಲಾದೇವಿ ಮುಂಚೂಣಿಯಲ್ಲಿದ್ದರು, ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆಗಾಗಿ ಆ ಸಂಸ್ಥೆ ದುಡಿಯಿತು ಎಂದು ಹನ್ನೆರಡನೇ ಪುಟದಲ್ಲಿ ಬರೆದಿದ್ದೀರಿ. ಸರಿ. ಆದರೆ 1929ರ ಆ ಕಾಯ್ದೆ ಹುಡುಗಿಗೆ ನಿಗದಿ ಮಾಡಿದ ಕನಿಷ್ಠ ವಯಸ್ಸು ಎಷ್ಟು ನೋಡಿದಿರಾ? ಹದಿನಾಲ್ಕು. ಹದಿನಾಲ್ಕಕ್ಕಾದ ಆ ಮದುವೆಗೂ ಹನ್ನೆರಡನೇ ಪುಟಕ್ಕೂ ಹೊಲಿಗೆ ಹಾಕುವ ದಾರ ನಿಮ್ಮ ಕೈಯಲ್ಲೇ ಇತ್ತು.

1926ರ ಚುನಾವಣೆಯದೂ ಅದೇ ಕಥೆ. ಮದ್ರಾಸ್ ವಿಧಾನ ಪರಿಷತ್ತಿಗೆ ತವರು ಜಿಲ್ಲೆಯಿಂದ ನಿಂತು ಕೆಲವೇ ಮತಗಳಿಂದ ಸೋತರು ಎಂದಿದ್ದೀರಿ. ಮದ್ರಾಸಿನಲ್ಲಿ ಹೆಂಗಸರಿಗೆ ಮತದಾನ ಸಿಕ್ಕಿದ್ದು 1921ರಲ್ಲಿ, ಗಂಡಸರಿಗಿದ್ದ ಷರತ್ತಿನ ಮೇಲೆಯೇ. ಅಂದರೆ ಬಹುಮಟ್ಟಿಗೆ ಆಸ್ತಿ, ತೆರಿಗೆ ಇದ್ದವರಿಗೆ. ಆಸ್ತಿಯೆಲ್ಲ ಮಲಮಗನ ಪಾಲಾದ ವಿಧವೆಗೆ ಎಲ್ಲಿಯ ಮತ? ಮಗಳು ಮತ ಕೇಳಿಕೊಂಡು ತಿರುಗಿದ್ದು ಅಂಥ ಮನೆಗಳ ನಡುವೆ. ನೀವು ಇಲ್ಲಿ ಸೋಲಿನಲ್ಲೂ ಗೆಲುವಿತ್ತು ಎಂದು ಮುಗಿಸಿದ್ದೀರಿ. ಅದನ್ನು ಹೊಡೆದುಹಾಕಿದ್ದೇನೆ.

ಎರಡನೇ ಮದುವೆಯ ಭಾಗ ಚೆನ್ನಾಗಿದೆ. ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನ, ಆಕೆಯ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯ, ಅಲ್ಲೆಲ್ಲ ನಿಮ್ಮ ಬರವಣಿಗೆ ಸಲೀಸಾಗಿದೆ, ಉಪಮೆಗಳೂ ಕಡಿಮೆ. ಸಾರಸ್ವತ ವಿಧವೆ ಬಂಗಾಳಿಯೊಬ್ಬನನ್ನು ಮದುವೆಯಾದಾಗ ಸಂಪ್ರದಾಯಸ್ಥರು ಕೆರಳಿದ್ದನ್ನೂ ಬರೆದಿದ್ದೀರಿ. ಅಲ್ಲಿ ಒಂದು ಸಾಲು ಸೇರಿಸಿ: ವಿಧವೆಯ ಮರುಮದುವೆಗೆ ಕಾನೂನು 1856ರಲ್ಲೇ ದಾರಿ ಮಾಡಿಕೊಟ್ಟಿತ್ತು, ಆದರೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತಿತ್ತು. ಮತ್ತೆ ಆಸ್ತಿಯೇ, ನೋಡಿ.

ತಿದ್ದಿ ಕಳಿಸುವುದಾದರೆ ಆರನೇ ಪುಟದಿಂದ ಶುರು ಮಾಡಿ, 1929ಕ್ಕೆ ನಿಲ್ಲಿಸಿ. ಕರಕುಶಲ ಮಂಡಳಿ, ನಿರಾಶ್ರಿತರಿಗಾಗಿ ಕಟ್ಟಿದ ಫರೀದಾಬಾದ್, ಪ್ರಶಸ್ತಿಗಳು ಯಾವುವೂ ಇಲ್ಲಿ ಬೇಡ. 1800 ಪದ ದಾಟದಿರಲಿ. ನೀವು ಕಳಿಸಿದ ನರೆತಲೆಯ ಫೋಟೋ ಬಳಸುವುದಿಲ್ಲ, ಈ ಲೇಖನದಲ್ಲಿ ಅವರಿಗಿನ್ನೂ ಅಷ್ಟು ವಯಸ್ಸಾಗಿಲ್ಲ. ಮತ್ತೆ ದಯವಿಟ್ಟು ಯೂನಿಕೋಡಿನಲ್ಲಿ ಕಳಿಸಿ. ‘ನುಡಿ’ ತಂತ್ರಾಂಶದಲ್ಲಿದ್ದ ನಿಮ್ಮ ಕಡತವನ್ನು ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ನಮ್ಮ ಹುಡುಗ ಒಂದು ಮಧ್ಯಾಹ್ನ ಪೂರ್ತಿ ಅವನ್ನು ಹೆಕ್ಕುತ್ತಾ ಕೂತಿದ್ದ.