ಮೊದಲ ದೀಪಾವಳಿ ತವರಿನದೇ

ಚಿತ್ರದುರ್ಗದವರಾಗಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರ ಪತ್ರದ ಸಾರಾಂಶ ಹೀಗಿದೆ:

“ಕಳೆದ ವೈಶಾಖದಲ್ಲಿ ನನ್ನ ಮದುವೆಯಾಯಿತು. ಪತ್ನಿಯ ಊರು ಹರಿಹರದ ಹತ್ತಿರದ ಒಂದು ಹಳ್ಳಿ. ಆಷಾಢವನ್ನು ಅವಳು ತವರಿನಲ್ಲಿಯೇ ಕಳೆದಳು. ನಾಗರಪಂಚಮಿಗೆ ಅವಳ ಅಣ್ಣ ಬಂದು ಕರೆದುಕೊಂಡು ಹೋದರು. ಗೌರಿ ಹಬ್ಬಕ್ಕೆ ಮತ್ತೆ ಕರೆ ಬಂತು. ಈಗ ದೀಪಾವಳಿಗೆ ಇಬ್ಬರೂ ಬರಬೇಕೆಂದು ಅವಳ ಮನೆಯವರು ಹೇಳುತ್ತಿದ್ದಾರೆ. ನಮ್ಮಲ್ಲಿ ದೀಪಾವಳಿಗೆ ಹಿರಿಯರಿಗೆ ಎಡೆ ಇಡುವ ಪದ್ಧತಿ ಇದೆ; ಹೊಸ ಸೊಸೆ ಜೊತೆಗಿರಬೇಕೆಂಬುದು ನನ್ನ ತಾಯಿಯ ಆಸೆ. ನನಗಾದರೋ ಸಿಗುವ ನಾಲ್ಕು ದಿನಗಳ ರಜೆಯಲ್ಲಿ ನಾವಿಬ್ಬರೇ ಎಲ್ಲಿಗಾದರೂ ಹೋಗಿಬರಬೇಕೆನಿಸುತ್ತದೆ. ಹಬ್ಬಗಳೆಲ್ಲ ತವರಿಗೇ ಮೀಸಲಾದರೆ ನಮ್ಮ ಸಂಸಾರ ಶುರುವಾಗುವುದು ಯಾವಾಗ?”

ಪ್ರಿಯ ಮಿತ್ರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೈಬರಹದಲ್ಲಿ, ಕಾಗುಣಿತದ ಒಂದು ತಪ್ಪೂ ಇಲ್ಲದೆ ಬರೆದಿದ್ದೀರಿ; ಈ ವಯಸ್ಸಿನವರಿಂದ ಇಂತಹ ಪತ್ರ ಬರುವುದು ಅಪರೂಪವಾದ್ದರಿಂದ ಉತ್ತರವನ್ನೂ ಅಷ್ಟೇ ಎಚ್ಚರದಿಂದ ಬರೆಯುತ್ತಿದ್ದೇನೆ. ನಿಮ್ಮ ತಾಯಿಯವರ ಆಸೆಯಲ್ಲಿ ತಪ್ಪಿಲ್ಲ. ಹೊಸದಾಗಿ ಮದುವೆಯಾದವರು ತಾವಿಬ್ಬರೇ ನಾಲ್ಕು ದಿನ ಇರಬೇಕೆಂದು ಬಯಸುವುದೂ ಸಹಜವೇ. ಆದರೆ ಎಡೆ ಇಡಲು ನಿಮ್ಮ ತಂದೆಯವರಿದ್ದಾರೆ, ಪ್ರವಾಸಕ್ಕೆ ಮುಂದಿನ ತಿಂಗಳ ಯಾವ ವಾರಾಂತ್ಯವಾದರೂ ಆದೀತು. ಈ ದೀಪಾವಳಿಗೆ ನೀವು ಹೋಗಬೇಕಾದದ್ದು ನಿಮ್ಮ ಮಾವನವರ ಮನೆಗೆ. ಇದು ನನ್ನ ಬಹುಕಾಲದ ನಂಬಿಕೆ. ಅದರ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕವನ್ನು ನೋಡೋಣ. ಆಷಾಢವನ್ನು ನೀವು ತವರಿನ ಖಾತೆಗೆ ಬರೆದಿದ್ದೀರಿ. ಹೊಸ ದಂಪತಿಗಳು ಆಷಾಢದಲ್ಲಿ ಒಂದೇ ಸೂರಿನಡಿ ಇರಬಾರದೆಂದು ಎರಡೂ ಮನೆಯ ಹಿರಿಯರು ಸೇರಿ ಪಾಲಿಸಿದ ಪದ್ಧತಿ ಅದು. ಆಗ ಗರ್ಭ ನಿಂತರೆ ಚೈತ್ರದ ಉರಿಬಿಸಿಲಿನಲ್ಲಿ ಹೆರಿಗೆಯಾಗಿ ಬಾಣಂತಿಗೂ ಕೂಸಿಗೂ ಕಷ್ಟವೆಂದು ಹಳಬರು ಹೇಳುತ್ತಿದ್ದರು. ಮುಂಗಾರು ಬಿತ್ತನೆಯ ಕಾಲವೆಂಬ ಕಾರಣವನ್ನೂ ಕೊಡುತ್ತಿದ್ದರು. ಮಗಳು ಬೇಕೆಂದು ತವರಿನವರು ಕೇಳಿ ಪಡೆದ ತಿಂಗಳಲ್ಲ ಅದು. ಇನ್ನು ಪಂಚಮಿ ಅಣ್ಣತಂಗಿಯರ ಹಬ್ಬ. ಉಂಡೆ, ತಂಬಿಟ್ಟು, ಜೋಕಾಲಿಗಳಲ್ಲಿ ಅಳಿಯನಿಗೆ ಜಾಗವಿಲ್ಲ. ಭಾದ್ರಪದದ ತದಿಗೆಯಂದು ಮೊರದ ಬಾಗಿನ ಕೊಟ್ಟು ಪಡೆಯುವವರು ಹೆಂಗಸರು. ಈ ಮೂರರಲ್ಲಿ ಯಾವುದಕ್ಕೂ ನಿಮಗೆ ಕರೆ ಇರಲಿಲ್ಲ. ಮದುವೆಯಾದ ಮೊದಲ ಆರು ತಿಂಗಳಲ್ಲಿ ನಿಮ್ಮ ಹೆಸರು ಹಿಡಿದು ಬಂದಿರುವ ಕರೆ ದೀಪಾವಳಿಯದೊಂದೇ. ಅದನ್ನೇ ನೀವು ನಾಲ್ಕನೆಯ ಸಲದ ಬೇಡಿಕೆಯೆಂದು ಎಣಿಸಿದ್ದೀರಿ.

ನಮ್ಮ ಪಂಚಾಂಗದ ಈ ಭಾಗವನ್ನು ಗಮನವಿಟ್ಟು ನೋಡಿದರೆ ಊರು ಬಿಟ್ಟು ಹೋದವರು ಮರಳಿ ಬರುವ ಹಬ್ಬಗಳೇ ಸಾಲಾಗಿ ಕಾಣುತ್ತವೆ. ಗೌರಿ ತವರಿಗೆ ಬರುತ್ತಾಳೆ. ಅವಳನ್ನು ಕರೆದೊಯ್ಯಲು ಮರುದಿನ ಮಗ ಗಣೇಶ ಬರುತ್ತಾನೆ. ಕಾರ್ತಿಕ ಶುದ್ಧ ಪಾಡ್ಯದಂದು ಬಲೀಂದ್ರ ಬರುತ್ತಾನೆ. ಕೊಟ್ಟ ಮಾತಿಗಾಗಿ ನೆಲ, ಸಿಂಹಾಸನ ಎಲ್ಲವನ್ನೂ ಬಿಟ್ಟು ಪಾತಾಳಕ್ಕೆ ಇಳಿದವನಿಗೆ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಿಹೋಗುವ ಅನುಮತಿ ಸಿಕ್ಕಿತು ಎಂಬುದು ಕಥೆ. ಅವನ ಬರವಿಗಾಗಿಯೇ ನಮ್ಮ ಹಳ್ಳಿಗಳಲ್ಲಿ ಸಗಣಿಯ ಉಂಡೆಗೆ ಚೆಂಡುಹೂವನ್ನೂ ಉತ್ರಾಣಿ ಕಡ್ಡಿಯನ್ನೂ ಸಿಕ್ಕಿಸಿ ಹೊಸ್ತಿಲ ಎರಡೂ ಬದಿಗೆ ಇಡುತ್ತಾರೆ, ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಾರೆ. ಹುಟ್ಟಿದ ಮನೆಯನ್ನು ಬಿಟ್ಟು ಹೋದ ಮಗಳು ಆ ದಿನ ಆ ಹೊಸ್ತಿಲಲ್ಲಿ ನಿಂತಿರುವುದಕ್ಕಿಂತ ತಕ್ಕದ್ದು ಇನ್ನೇನಿದೆ? ಅವಳೊಂದಿಗೆ ಅವಳ ಗಂಡ ನಿಂತಿರಬೇಕೆಂದು ಆ ಮನೆಯವರು ಬಯಸಿದ್ದಾರೆ, ಅಷ್ಟೇ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವಾದದ್ದು. ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಅಕ್ಕನವರೊಬ್ಬರು ಹಲವು ವರ್ಷಗಳ ಹಿಂದೆ ಹೇಳಿದ ಮಾತನ್ನು ಮರೆಯಲಾಗಿಲ್ಲ. ಮೊದಲ ದೀಪಾವಳಿಗೆ ಅವರ ಯಜಮಾನರು ಮಾವನ ಮನೆಗೆ ಬಂದಾಗ ಬಾಯಾರಿದರೂ ನೀರು ಕೇಳಲು ಸಂಕೋಚಪಟ್ಟು ಕುಳಿತಿದ್ದರಂತೆ. ಬಚ್ಚಲು ಎಲ್ಲಿದೆ, ಟವೆಲನ್ನು ಎಲ್ಲಿ ಒಣಗಿಸಬೇಕು, ಎದ್ದರೆ ಎಲ್ಲಿ ನಿಲ್ಲಬೇಕು ಎಂಬುದೊಂದೂ ತಿಳಿಯದೆ ಪ್ರತಿಯೊಂದಕ್ಕೂ ಹೆಂಡತಿಯ ಮುಖವನ್ನೇ ನೋಡುತ್ತಿದ್ದರಂತೆ. “ಆರು ತಿಂಗಳಿಂದ ನಾನು ಅವರ ಮನೆಯಲ್ಲಿ ಹಾಗೆಯೇ ಇದ್ದೆ, ಅದನ್ನು ಬಾಯಿಬಿಟ್ಟು ಹೇಳಲು ಬಂದಿರಲಿಲ್ಲ. ಅವತ್ತು ಅವರಿಗೆ ತಾನಾಗಿಯೇ ತಿಳಿಯಿತು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತೇ,” ಎಂದರು ಅಕ್ಕ. ನಸುಕಿನಲ್ಲಿ ಎಬ್ಬಿಸಿ, ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ಒತ್ತಿ, ತ್ರಯೋದಶಿಯ ಸಂಜೆ ತುಂಬಿಟ್ಟ ಹಂಡೆಯ ಬಿಸಿನೀರು ಹಾಕಿ, ಆರತಿ ಎತ್ತುವ ಈ ಉಪಚಾರದ ಒಳಗೆ ಗಂಡಸು ಮೂರು ದಿನ ಪರಕೀಯನಾಗಿ ಇರಬೇಕಾದ ಶಿಕ್ಷಣವೂ ಇದೆ. ಸೊಸೆಗೆ ಅದು ಮೂರು ದಿನಗಳಲ್ಲಿ ಮುಗಿಯುವುದಿಲ್ಲ, ಅವಳಿಗೆ ಆರತಿಯೂ ಒಂದೇ ದಿನದ್ದು.

ಬೀಸುವ ಕಲ್ಲಿನ ಮುಂದೆ ಹುಟ್ಟಿದ ನಮ್ಮ ತ್ರಿಪದಿಗಳನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತ, ಓದುತ್ತ ಬಂದಿದ್ದೇನೆ. ತವರಿನ ದಾರಿ, ತವರಿನ ಬಾವಿ, ತವರಿನ ಎತ್ತು, ತವರಿನ ಮಲ್ಲಿಗೆ ಎಲ್ಲವೂ ಅಲ್ಲಿ ಪದವಾಗಿವೆ. ತನ್ನ ಹುಟ್ಟಿದ ಮನೆಯನ್ನು ನೆನೆದು ಹಾಡುವ ಗಂಡಸು ಮಾತ್ರ ನಾನು ಓದಿದಷ್ಟರಲ್ಲಿ ಕಾಣಲಿಲ್ಲ. ಅವನು ಅದನ್ನು ಬಿಟ್ಟೇ ಇರಲಿಲ್ಲವಲ್ಲ!

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕಾಗಿದೆ. ನಿಮ್ಮ ಪತ್ರದಲ್ಲಿ ‘ಅವಳ ಮನೆಯವರು’ ಎಂಬ ಮಾತು ಐದು ಕಡೆ ಬಂದಿದೆ. ‘ನಮ್ಮ ಅತ್ತೆ ಮಾವ’ ಎಂದು ಒಂದು ಕಡೆಯೂ ಇಲ್ಲ. ನಿಮ್ಮ ತಾಯಿಗೆ ಏನು ಬೇಕೆಂದು ಬರೆದಿದ್ದೀರಿ, ನಿಮಗೆ ಏನು ಬೇಕೆಂದು ಬರೆದಿದ್ದೀರಿ. ನಿಮ್ಮ ಶ್ರೀಮತಿಯವರು ಏನು ಹೇಳಿದರು? ಎರಡು ಪುಟಗಳ ಪತ್ರದಲ್ಲಿ ಅವರ ಮಾತು ಒಂದಾದರೂ ಇರಬೇಕಿತ್ತು.

ಇಷ್ಟು ಹೇಳಿದ ಮೇಲೆ, ಈ ಹಬ್ಬಕ್ಕೆ ಅಂಟಿಕೊಂಡಿರುವ ಒಂದು ಕೊಳೆಯ ಬಗ್ಗೆ ಸುಮ್ಮನಿರಲಾರೆ. ನನ್ನ ಮಾವನವರು ಚಳ್ಳಕೆರೆ ಸೀಮೆಯ ಒಣಭೂಮಿಯ ರೈತರು. ನನ್ನ ಮೊದಲ ದೀಪಾವಳಿಯ ವರ್ಷ ಮಳೆ ಕೈಕೊಟ್ಟಿತ್ತು. ಆದರೂ ಎಣ್ಣೆಸ್ನಾನದ ನಂತರ ಅವರು ನನ್ನ ಬೆರಳಿಗೆ ಉಂಗುರ ತೊಡಿಸಿದರು. ನಾನು ಸಂತೋಷದಿಂದಲೇ ಕೈ ಚಾಚಿದೆ. ಬೀಜಕ್ಕೆಂದು ತೆಗೆದಿಟ್ಟಿದ್ದ ಶೇಂಗಾ ಮೂಟೆಗಳನ್ನು ಮಾರಿ ಅದನ್ನು ತಂದಿದ್ದರೆಂದೂ, ಮುಂದಿನ ಮುಂಗಾರಿಗೆ ಬಡ್ಡಿಗೆ ಬೀಜ ತಂದು ಬಿತ್ತಿದರೆಂದೂ ನನ್ನ ಹೆಂಡತಿ ಹೇಳಿದ್ದು ಅವರು ತೀರಿಕೊಂಡ ಮೇಲೆ. ಅಷ್ಟು ವರ್ಷ ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ಆ ದಿನದಿಂದ ಉಂಗುರವನ್ನು ನಾನು ಧರಿಸಿಲ್ಲ. ಕೇಳಿ ಪಡೆದದ್ದಲ್ಲ ಎಂಬ ಸಮಾಧಾನ ನನಗೆ ಸಾಲುವುದಿಲ್ಲ. ಬೇಡವೆಂದು ಮೊದಲೇ ಹೇಳಬಹುದಾಗಿತ್ತು.

ಈಗಂತೂ ದಸರೆ ಮುಗಿಯುತ್ತಿದ್ದಂತೆ ಚಿನ್ನದಂಗಡಿಗಳೂ ಬೈಕಿನ ಷೋರೂಮುಗಳೂ ‘ಅಳಿಯನಿಗೆ ಉಡುಗೊರೆ’ ಎಂದು ದಾವಣಗೆರೆಯ ರಸ್ತೆಗಳ ತುಂಬ ಫಲಕ ಕಟ್ಟುತ್ತವೆ. ಮದುವೆಯಲ್ಲಿ ಉಳಿದ ಬಾಕಿಯನ್ನು ದೀಪಾವಳಿಗೆ ತೀರಿಸಿಕೊಳ್ಳುವ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಬ್ಬದ ಹೆಸರಿಟ್ಟ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ಮದುವೆಯ ಸಂಬಂಧದಲ್ಲಿ ಮದುವೆಗೆ ಮುಂಚೆ, ಮದುವೆಯ ವೇಳೆ ಅಥವಾ ಮದುವೆಯ ನಂತರ ಯಾವಾಗ ಕೊಟ್ಟದ್ದನ್ನೂ ವರದಕ್ಷಿಣೆಯ ವ್ಯಾಖ್ಯೆಯೊಳಗೆ ತರುತ್ತದೆ, ಕೇಳುವುದೇ ಅಪರಾಧ. ಇನ್ನೊಂದು ಕಡೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದರೂ ಅವಳಿಗೆ ಒಂದು ಸೀರೆ, ಅಳಿಯನಿಗೆ ಒಂದು ಸರ ಕೊಟ್ಟು ಪಾಲು ಮುಗಿಯಿತೆಂದು ಕೈ ತೊಳೆದುಕೊಳ್ಳುವವರು ಕಡಿಮೆಯಿಲ್ಲ. ಅಳಿಯನ ಕೈಗೆ ಬಂದದ್ದು ಮಗಳಿಗೆ ಸಂದಂತೆ ಆಗುವುದು ಹೇಗೆ? ಈ ಪೀಡೆಗೆ ಹೆದರಿಯೇ ಎಷ್ಟೋ ತಂದೆತಾಯಿಗಳಿಗೆ ಮಗಳ ಮೊದಲ ದೀಪಾವಳಿ ಹತ್ತಿರವಾದಂತೆ ನಿದ್ದೆ ಬರುವುದಿಲ್ಲ. ಮಗಳು ಬರುವ ಹಬ್ಬಕ್ಕೆ ಹೀಗಾಗಬಾರದಿತ್ತು.

ರಜೆಯ ವಿಷಯದಲ್ಲಿ ಮಾತ್ರ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಸರ್ಕಾರದ ಪಟ್ಟಿಯಲ್ಲಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ರಜೆ ಇದ್ದು ನಡುವಿನ ಅಮಾವಾಸ್ಯೆ ಕೆಲಸದ ದಿನವಾಗಿ ಉಳಿಯುತ್ತದೆ. ಖಾಸಗಿ ಕಚೇರಿಗಳಲ್ಲಿ ಅಷ್ಟೂ ಇರುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಖಾಸಗಿ ಬಸ್ಸಿನವರು ಕೇಳುವ ದರ ತಿಂಗಳ ದಿನಸಿಗೆ ಸಮನಾಗಿರುತ್ತದೆ. ಊರಿಗೆ ಹೋಗುವ ಆಸೆಯನ್ನು ಹೀಗೆ ನಾಲ್ಕೂ ಕಡೆಯಿಂದ ಹಿಂಡಿದರೆ ಹುಡುಗರು ಪ್ರವಾಸದ ಕಡೆ ಮುಖ ಮಾಡುವುದರಲ್ಲಿ ಆಶ್ಚರ್ಯವಿಲ್ಲ. ನಿಮಗೆ ನಾಲ್ಕು ದಿನ ಸಿಕ್ಕಿರುವುದು ಪುಣ್ಯ.

ಆದ್ದರಿಂದ ಹೀಗೆ ಮಾಡಿ. ಇವತ್ತೇ ನಿಮ್ಮ ಮಾವನವರಿಗೆ ನೀವೇ ಫೋನು ಮಾಡಿ. ಶ್ರೀಮತಿಯವರ ಕೈಯಲ್ಲಿ ಹೇಳಿಸಬೇಡಿ. ಬರುತ್ತೇವೆಂದೂ, ಬಟ್ಟೆಯೊಂದನ್ನು ಬಿಟ್ಟು ಬೇರೇನನ್ನೂ ತರಬಾರದೆಂದೂ, ತಂದರೆ ಮನಸ್ಸಿಗೆ ನೋವಾಗುತ್ತದೆಂದೂ ಸ್ಪಷ್ಟವಾಗಿ ತಿಳಿಸಿ. ಅವರು ಉಡುಗೊರೆ ಖರೀದಿಸುವ ಮೊದಲೇ ಈ ಮಾತು ತಲುಪಬೇಕು. ತ್ರಯೋದಶಿಯ ಸಂಜೆ ಹಂಡೆಗೆ ನೀರು ತುಂಬುವ ಹೊತ್ತಿಗೆ ಅಲ್ಲಿರಿ. ಒಂದೆರಡು ಕೊಡ ನೀವೂ ಹೊತ್ತು ಹಾಕಿ. ಬೇಡವೆನ್ನುತ್ತಾರೆ, ಕೇಳಬೇಡಿ. ಆರತಿಯ ತಟ್ಟೆಗೆ ಕೈಬಿಚ್ಚಿ ಹಾಕಿ. ಪಾಡ್ಯದ ಮರುದಿನ ಊಟ ಮುಗಿಸಿ ಹೊರಟರೆ ಹರಿಹರದಿಂದ ಚಿತ್ರದುರ್ಗ ಎರಡು ಗಂಟೆಯೊಳಗಿನ ದಾರಿ. ದೀಪ ಹಚ್ಚುವ ಹೊತ್ತಿಗೆ ನಿಮ್ಮ ತಾಯಿಯ ಮುಂದೆ ಇರುತ್ತೀರಿ. ಕಾರ್ತಿಕದ ದೀಪಗಳು ತಿಂಗಳಿಡೀ ಉರಿಯುತ್ತವೆ. ಸೊಸೆಯ ಕೈಯಿಂದ ಹಚ್ಚಿಸುವ ಸಂತೋಷ ಅವರಿಗೆ ತಪ್ಪುವುದಿಲ್ಲ.

ಈ ಉತ್ತರವನ್ನು ನಿಮ್ಮ ಶ್ರೀಮತಿಯವರಿಗೂ ಓದಲು ಕೊಡಿ. ತವರಿಗೆ ಹೋಗುವುದು ಬೇಡ, ನಿಮ್ಮೊಂದಿಗೆ ಪ್ರವಾಸವೇ ಬೇಕೆಂದು ಅವರು ಹೇಳಿದರೆ ನನ್ನ ವಾದವನ್ನು ಬದಿಗಿಟ್ಟು ಅವರ ಮಾತನ್ನೇ ನಡೆಸಿ. ಆದರೆ ಕಾರಣವನ್ನು ಅವರ ಕೈಯಿಂದಲೇ ಬರೆಸಿ ಕಳುಹಿಸಿ. ಕಾರ್ತಿಕದ ಸಂಚಿಕೆಯಲ್ಲಿ ಅದಕ್ಕೆ ಈ ಪುಟವನ್ನೇ ಬಿಟ್ಟುಕೊಡುತ್ತೇನೆ.

— ಸಂಪಾದಕ