ಕಪ್ಪು ಕಾರಿನ ಸುತ್ತು ಗೀರುಗಳನ್ನು ಮನೆಯಲ್ಲೇ ಯಂತ್ರದಿಂದ ತೆಗೆಯಲು ರೋಟರಿ ಕೊಳ್ಳಬೇಕೇ, ಡ್ಯುಯಲ್ ಆಕ್ಷನ್ ಕೊಳ್ಳಬೇಕೇ?

ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ: ಪ್ಯಾಡನ್ನು ಒಂದೇ ಅಕ್ಷದ ಸುತ್ತ ತಿರುಗಿಸುವ ರೋಟರಿ ಪಾಲಿಶ್ ಯಂತ್ರವೂ ಬೇಡ, ತಿರುಗಿಸುತ್ತಲೇ ಓಲಾಡಿಸುವ ಡ್ಯುಯಲ್ ಆಕ್ಷನ್ ಯಂತ್ರವೂ ಬೇಡ. ಕಪ್ಪು ಕಾರು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ದಿನವೂ ಬೆಳಿಗ್ಗೆ ಬಂದು ಒರೆಸಿ ಹೋಗುವ ಹುಡುಗ, ನೆರಳಿನಲ್ಲಿ ಏನೂ ಕಾಣದೆ ಬಿಸಿಲಿಗೆ ಬಂದ ಕೂಡಲೇ ಬಾನೆಟ್ಟಿನ ತುಂಬ ಎದ್ದು ನಿಲ್ಲುವ ಗೀರುಗಳು: ನೀವು ಬರೆದಿರುವುದರಲ್ಲಿ ನನ್ನದಲ್ಲದ್ದು ಒಂದೂ ಇಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಪ್ಪು ಸೆಡಾನ್ ಒಂದಕ್ಕಾಗಿ ನಾನು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ ರೋಟರಿ ಯಂತ್ರವನ್ನೂ ಉಣ್ಣೆಯ ಪ್ಯಾಡನ್ನೂ ತಂದೆ. ಗೀರುಗಳು ಹೋದವು, ಅವುಗಳ ಜೊತೆಗೆ ಬಾನೆಟ್ಟಿನ ಬಣ್ಣವೂ ಹೋಯಿತು.

ಮೊದಲು ಆ ಗೀರುಗಳು ಏನೆಂಬುದನ್ನು ನೋಡಿಕೊಳ್ಳಿ. ರಾತ್ರಿ ಮೊಬೈಲಿನ ಟಾರ್ಚನ್ನು ಬಾನೆಟ್ಟಿನ ಮೇಲೆ ಹಿಡಿದರೆ ಬೆಳಕಿನ ಚುಕ್ಕೆಯ ಸುತ್ತ ಉಂಗುರ ಉಂಗುರವಾಗಿ ಗೀರುಗಳು ಕಾಣುತ್ತವೆ. ಟಾರ್ಚನ್ನು ಮೆಲ್ಲಗೆ ಸರಿಸಿದರೆ ಉಂಗುರಗಳೂ ಅದರೊಂದಿಗೆ ಸರಿಯುತ್ತವೆ. ಅಂದರೆ ಬಣ್ಣದ ಮೇಲೆ ವೃತ್ತಗಳೇ ಇಲ್ಲ. ಅಲ್ಲಿರುವುದು ಎಲ್ಲ ದಿಕ್ಕಿನಲ್ಲಿಯೂ ಹಾದುಹೋದ ಸಾವಿರಾರು ಸಣ್ಣ ಗೀರುಗಳು, ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವಷ್ಟು ಮಾತ್ರ ಮಿನುಗಿ ವೃತ್ತದ ಭ್ರಮೆಯನ್ನು ಹುಟ್ಟಿಸುತ್ತವೆ. ಅವು ಇರುವುದು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ತಗಡಿನ ಮೇಲಿನ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿದ್ದರೆ, ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 40-50 ಮೈಕ್ರಾನ್ ಮಾತ್ರ, ನಮ್ಮ ತಲೆಗೂದಲಿಗಿಂತಲೂ ತೆಳುವು. ಪಾಲಿಶಿಂಗ್ ಗೀರನ್ನು ತುಂಬುವುದಿಲ್ಲ; ಗೀರಿನ ತಳ ಸಿಕ್ಕುವವರೆಗೆ ಸುತ್ತಲಿನ ಪದರವನ್ನೇ ಸವೆಸಿ ಸಮಮಾಡುತ್ತದೆ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಕೊರಡಿಗೆ ಮರಳುವುದಿಲ್ಲ, ಇದೂ ಹಾಗೆಯೇ.

ಇಷ್ಟನ್ನು ನಾನು ಓದಿಕೊಂಡೇ ಇಳಿದಿದ್ದೆ. ಆದರೂ ಕೆಟ್ಟದ್ದು ಎಲ್ಲಿ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಯಂತ್ರ ಮಾರುವ ಯಾರೂ ಇದನ್ನು ಹೇಳುವುದಿಲ್ಲ. ನನ್ನ ಕಾರಿನ ಬಾನೆಟ್ಟಿನ ಮೇಲೆ ಗಾಜಿನ ಬುಡದಿಂದ ಮುಂದಿನ ಗ್ರಿಲ್‌ವರೆಗೆ ಎರಡು ಉಬ್ಬುಗೆರೆಗಳಿದ್ದವು. ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆಂದು ತಿಳಿದಿದ್ದರಿಂದ ಆ ಗೆರೆಗಳ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ, ಸಮತಟ್ಟಿನ ಭಾಗವನ್ನೆಲ್ಲ ಮುಗಿಸಿದೆ. ಟೇಪು ಕಿತ್ತಾಗ ಎರಡೂ ಬದಿಯಲ್ಲಿ ಹೊಳೆಯುವ ಕಪ್ಪಿನ ನಡುವೆ ಬೆರಳಗಲದ ಮಂಕು ಪಟ್ಟಿ, ಅದರ ತುಂಬ ಹಳೆಯ ಗೀರುಗಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿದ್ದರಿಂದ ಆ ಪಟ್ಟಿಯನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ. ಯಂತ್ರವನ್ನು ತುಸು ವಾಲಿಸಿ ಪ್ಯಾಡಿನ ಅಂಚಿನಿಂದ ಗೆರೆಯುದ್ದಕ್ಕೂ ಎಳೆದೆ.

ಬಣ್ಣ ಇನ್ನೂ ಹಸಿಯಾಗಿರುವಾಗ ಅದರ ಮೇಲ್ಮೈಯ ಎಳೆತವೇ ಅದನ್ನು ಚೂಪಾದ ಗೆರೆಯಿಂದ ಎರಡೂ ಬದಿಗೆ ಸರಿಸಿಬಿಡುವುದರಿಂದ, ಸಮತಟ್ಟಿನಲ್ಲಿ ಸಿಕ್ಕಷ್ಟು ದಪ್ಪ ಗೆರೆಯ ತುದಿಯಲ್ಲಿ ಎಂದೂ ಇರುವುದಿಲ್ಲ. ಸಮತಟ್ಟಿನಲ್ಲಿ ಅಂಗೈಯಗಲಕ್ಕೆ ಹರಡುವ ಯಂತ್ರದ ಭಾರ ಗೆರೆಯ ಮೇಲೆ ಬಂದಾಗ ದಾರದಷ್ಟು ಸಪೂರ ಜಾಗಕ್ಕೆ ಬೀಳುತ್ತದೆ. 180 ಮಿಲಿಮೀಟರಿನ ಪ್ಯಾಡು ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದ್ದರೆ ಅದರ ಹೊರ ಅಂಚು ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿ ಆ ಸಪೂರ ಗೆರೆಯನ್ನು ಉಜ್ಜುತ್ತಿರುತ್ತದೆ, ಮತ್ತು ರೋಟರಿಯ ಮೋಟಾರು ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಕ್ಷಣಮಾತ್ರದಲ್ಲಿ ಬಿಳಿಯ ಪ್ಯಾಡಿನ ಅಂಚು ಕಪ್ಪಾಯಿತು. ಹಳೆಯ ಕೊಳೆ ಬಿಟ್ಟುಬರುತ್ತಿದೆ ಎಂದುಕೊಂಡು ನಾನು ಇನ್ನೊಮ್ಮೆ ಎಳೆದೆ. ಕ್ಲಿಯರ್ ಕೋಟ್‌ಗೆ ಬಣ್ಣವಿಲ್ಲ. ಅದು ಸವೆಯುತ್ತಿರುವಷ್ಟು ಕಾಲ ಪ್ಯಾಡಿಗೆ ಅಂಟುವುದು ಬಿಳಿಯ ಕಾಂಪೌಂಡು, ಅಂದರೆ ಉಜ್ಜಲು ಹಚ್ಚುವ ಪೇಸ್ಟು ಮಾತ್ರ. ಕಾರಿನ ಬಣ್ಣ ಪ್ಯಾಡಿಗೆ ಬಂತೆಂದರೆ ಕ್ಲಿಯರ್ ಕೋಟ್ ಮುಗಿದು ಕೆಳಗಿನ ಬಣ್ಣದ ಪದರ ತೆರೆದುಕೊಂಡಿದೆ ಎಂದರ್ಥ. (ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಬಣ್ಣವಿರುವ ಕಾರುಗಳಿಗೆ ಈ ಲಕ್ಷಣ ಅನ್ವಯಿಸುವುದಿಲ್ಲ, ಅವುಗಳಲ್ಲಿ ಮೊದಲ ಸುತ್ತಿನಿಂದಲೇ ಪ್ಯಾಡಿಗೆ ಬಣ್ಣ ಹತ್ತುತ್ತದೆ.) ಒರೆಸಿ ನೋಡಿದಾಗ ಗೆರೆಯ ಮೇಲೆ ಹೊಳಪಿಲ್ಲದ ಕಪ್ಪು ಕಲೆಯಿತ್ತು. ನೀರು ಚಿಮುಕಿಸಿದರೆ ಕಲೆ ಮಾಯವಾಗುತ್ತಿತ್ತು, ಒಣಗಿದರೆ ಮತ್ತೆ ಬರುತ್ತಿತ್ತು. ನೀರಿನ ಪದರ ಅಷ್ಟು ಹೊತ್ತು ಕ್ಲಿಯರ್ ಕೋಟ್‌ನ ಕೆಲಸ ಮಾಡುತ್ತಿತ್ತೆಂಬುದು ಅರ್ಥವಾಗುವವರೆಗೆ ನಾನು ಮಗ್ಗು ಹಿಡಿದು ಅಲ್ಲಿಯೇ ನಿಂತಿದ್ದೆ.

ಟಿಂಕರಿಂಗ್ ಗ್ಯಾರೇಜಿನ ಪೇಂಟರ್ ಬಣ್ಣದ ದಪ್ಪ ಅಳೆಯುವ ಗೇಜನ್ನು ಇಟ್ಟು ನೋಡಿದರು. ಚಾವಣಿಯ ಮೇಲೆ 120ರ ಆಸುಪಾಸು ತೋರಿಸಿದ ಗೇಜು ಬಾನೆಟ್ಟಿನ ಸಮತಟ್ಟಿನಲ್ಲಿಯೇ 90ರ ಆಸುಪಾಸಿಗೆ ಇಳಿದಿತ್ತು. ಹಿಂದಿನ ಮಾಲೀಕರು ಸರ್ವಿಸ್‌ಗೆ ಬಿಟ್ಟಾಗಲೆಲ್ಲ ರಬ್ಬಿಂಗ್ ಪಾಲಿಶ್ ಮಾಡಿಸಿರಬೇಕು, ನಾನು ಉಳಿದದ್ದನ್ನು ಖಾಲಿಮಾಡಿದೆ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನ ಬೂತ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್, ವೈರುಗಳೆಲ್ಲ ಜೊತೆಗಿರುವುದರಿಂದ 60 ಡಿಗ್ರಿಯ ಮೇಲೆ ಹೆಚ್ಚು ಹೋಗುವಂತಿಲ್ಲ. ಆದ್ದರಿಂದ ಮರುಬಣ್ಣ ಎಷ್ಟು ಚೆನ್ನಾಗಿದ್ದರೂ ಅದು ಮೂಲ ಬಣ್ಣದ ರಾಸಾಯನಿಕವಲ್ಲ. ಮೆಟಾಲಿಕ್ ಕಪ್ಪಾದ್ದರಿಂದ ಬಾನೆಟ್ಟಿನೊಂದಿಗೆ ಹೊಂದಿಸಲು ಎರಡೂ ಫೆಂಡರುಗಳ ಮೇಲೆಯೂ ಸ್ಪ್ರೇ ಹೊಡೆಯಬೇಕಾಯಿತು. ಯಂತ್ರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚಿನ ಹಣ ಅಲ್ಲಿ ಹೋಯಿತು.

ಈಗ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಆರಂಭವಾಗಿದೆ ಎಂದು ನಾನು ಹೇಳುವುದಕ್ಕೆ ಕಾರಣವನ್ನು ಕೇಳಿ. ನಿಮ್ಮ ಗೀರುಗಳನ್ನು ಮಾಡುತ್ತಿರುವುದು ದಿನವೂ ಬೆಳಿಗ್ಗೆ ಅರ್ಧ ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ. ಅದೇ ನೀರು, ಅದೇ ಬಟ್ಟೆ ಹತ್ತು ಕಾರುಗಳನ್ನು ದಾಟಿ ನಿಮ್ಮ ಕಾರಿಗೆ ಬರುತ್ತದೆ. ಬೀದಿಯ ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಪಾಲು ಗಟ್ಟಿ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ ಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ ಆ ಅರ್ಧ ಬಕೆಟ್ಟೂ ಹೋಗಿ ಒಣಬಟ್ಟೆಯೇ ಉಳಿಯಿತು. ನೀರು ಉಳಿಸುವುದು ಸರಿಯೇ, ಆದರೆ ನೀರಿಲ್ಲದ ದಿನ ಕಾರನ್ನು ಧೂಳಿನಲ್ಲಿಯೇ ಬಿಡುವುದು ಒಣಬಟ್ಟೆಯಿಂದ ಒರೆಸುವುದಕ್ಕಿಂತ ಸಾವಿರ ಪಾಲು ಮೇಲು. ನೀವು ಯಂತ್ರದಿಂದ ಭಾನುವಾರ ಗೀರು ತೆಗೆದರೆ ಸೋಮವಾರದಿಂದಲೇ ಹೊಸ ಗೀರು ಬೀಳಲು ಆರಂಭಿಸುತ್ತದೆ, ಪ್ರತಿ ವರ್ಷ ಪಾಲಿಶ್ ಮಾಡುವಷ್ಟು ಕ್ಲಿಯರ್ ಕೋಟ್ ಯಾರ ಕಾರಿನ ಮೇಲೂ ಇಲ್ಲ. ಹುಡುಗನಿಗೆ ಸಂಬಳವನ್ನು ಪೂರ್ತಿ ಕೊಟ್ಟು, ಗಾಜು ಮತ್ತು ಚಕ್ರಗಳನ್ನು ಮಾತ್ರ ಒರೆಸು ಎಂದು ಹೇಳಿ. ತೊಳೆಯುವ ದಿನ ಬೋರ್‌ವೆಲ್ ಅಥವಾ ಸಂಸ್ಕರಿಸಿದ ನೀರನ್ನು ಮೊದಲು ಸುರಿದು ಧೂಳನ್ನು ಇಳಿಸಿ, ಶಾಂಪೂವಿಗೆ ಒಂದು ಬಕೆಟ್, ಮೈಕ್ರೋಫೈಬರ್ ಮಿಟ್ (ತೊಳೆಯುವ ಕೈಗವಸು) ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಗಡಸು ನೀರು ಬಿಸಿಲಿನಲ್ಲಿ ಒಣಗಿದರೆ ಬಿಳಿಯ ಸುಣ್ಣದ ಕಲೆ ಕೂರುತ್ತದೆ, ಆದ್ದರಿಂದ ನೆರಳಿನಲ್ಲಿ ತೊಳೆದು ಕೂಡಲೇ ನೀರು ಹೀರಿಸಿ.

ಈ ಅಭ್ಯಾಸ ಕೆಲವು ತಿಂಗಳು ನಿಂತ ಮೇಲೂ ಯಂತ್ರ ಬೇಕೆನಿಸಿದರೆ 15 ಮಿಲಿಮೀಟರ್ ಥ್ರೋ (ಪ್ಯಾಡು ಓಲಾಡುವ ವೃತ್ತದ ಅಗಲ) ಇರುವ, ಐದಿಂಚಿನ ಪ್ಲೇಟಿನ ಡ್ಯುಯಲ್ ಆಕ್ಷನ್ ಕೊಳ್ಳಿ. ಅದರ ಪ್ಯಾಡು ಓಲಾಡುತ್ತಲೇ ತಿರುಗುತ್ತದೆ, ಮತ್ತು ವಾಲಿಸಿ ಒತ್ತಿದರೆ ತಿರುಗುವುದು ತಾನಾಗಿ ನಿಂತುಹೋಗುತ್ತದೆ. ನನ್ನ ಕೈಯಲ್ಲಿ ಅಂದು ಅದಿದ್ದಿದ್ದರೆ ಆ ಗೆರೆ ಉಳಿಯುತ್ತಿತ್ತು. ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಂಡರೆ ಅದು ತಿರುಗುತ್ತಿದೆಯೋ ಸುಮ್ಮನೆ ನಡುಗುತ್ತಿದೆಯೋ ಕಣ್ಣಿಗೆ ಕಾಣುತ್ತದೆ. ನಾಲ್ಕಿಂಚಿನ ಆಂಗಲ್ ಗ್ರೈಂಡರ್‌ಗೆ ಸ್ಪಂಜು ಕಟ್ಟಿ ಉಜ್ಜುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅವರ ಮಾತಿಗೆ ಕಿವಿಗೊಡಬೇಡಿ, ಅದು ನಿಮಿಷಕ್ಕೆ 11,000 ಸುತ್ತಿನಷ್ಟು ತಿರುಗುವ ಲೋಹ ಕೊರೆಯುವ ಸಾಧನ. ಜೇಡಿಮಣ್ಣಿನಂತೆ ಮೆತ್ತಗಿರುವ ಕ್ಲೇ ಬಾರ್‌ನಿಂದ ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನು ತೆಗೆದ ಮೇಲೆ, ಒಂದೂವರೆ ಅಡಿ ಚೌಕದಲ್ಲಿ ಮೃದುವಾದ ಫೋಮ್ ಪ್ಯಾಡು ಮತ್ತು ಅತಿ ನಯವಾದ ಪಾಲಿಶ್‌ನಿಂದಲೇ ಪರೀಕ್ಷೆ ಆರಂಭಿಸಿ; ಅದು ಸಾಲದಿದ್ದರೆ ಮಾತ್ರ ಒಂದು ಹಂತ ಮೇಲಕ್ಕೆ ಹೋಗಿ. ಕೈ ನಿಧಾನವಾಗಿ ಚಲಿಸಲಿ. ಪ್ರತಿ ಚೌಕ ಮುಗಿದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿಯೇ ಟಾರ್ಚ್ ಹಿಡಿಯಿರಿ, ಏಕೆಂದರೆ ಪಾಲಿಶ್‌ನ ಎಣ್ಣೆ ಗೀರುಗಳಲ್ಲಿ ಕುಳಿತು ಎಲ್ಲ ಹೋಯಿತೆಂಬ ಸುಳ್ಳು ಸಂತೋಷ ಕೊಡುತ್ತದೆ. ಪ್ಲಾಸ್ಟಿಕ್ ಬಂಪರಿನಲ್ಲಿ ಉಜ್ಜುವಾಗ ಹುಟ್ಟುವ ಶಾಖ ಬೇಗ ಹರಡದೆ ಒಂದೇ ಜಾಗದಲ್ಲಿ ನಿಂತು ಬಣ್ಣವನ್ನು ಕೆಡಿಸಬಹುದು, ಸಾಮಾನ್ಯ ಗೇಜು ಅಲ್ಲಿ ಏನನ್ನೂ ತೋರಿಸುವುದಿಲ್ಲ. ಅಲ್ಲಿ ಕೈಯಿಂದಲೇ ಮಾಡಿ. ಉಗುರು ಎಳೆದಾಗ ತಡೆಯುವ ಆಳದ ಗೀರನ್ನು ಬೆನ್ನಟ್ಟಬೇಡಿ, ಹಾಗೆಯೇ ಇರಲಿ.

ಇನ್ನೊಂದು, ನಿಮ್ಮ ಸ್ವಂತ ಕಾರನ್ನು ಮುಟ್ಟುವ ಮೊದಲು ಗುಜರಿ ಅಂಗಡಿಯಿಂದ ಹಳೆಯ ಕಪ್ಪು ಬಾನೆಟ್ ಒಂದನ್ನು ತನ್ನಿ. ಅದರ ಸಮತಟ್ಟಿನಲ್ಲಿ ಕೈ ಪಳಗಿಸಿಕೊಂಡ ನಂತರ, ಉದ್ದೇಶಪೂರ್ವಕವಾಗಿ ಅದರ ಅಂಚನ್ನು ಒತ್ತಿ ಉಜ್ಜಿ, ಪ್ಯಾಡು ಕಪ್ಪಾಗುವವರೆಗೂ ಉಜ್ಜುತ್ತಲೇ ಇರಿ. ಎಷ್ಟು ಹೊತ್ತಿಗೆ ಆಗುತ್ತದೆ, ಅದಕ್ಕೂ ಮುಂಚೆ ಅಂಗೈಗೆ ಆ ಜಾಗ ಎಷ್ಟು ಬಿಸಿಯಾಗಿ ತಾಗುತ್ತದೆ ಎಂಬುದನ್ನು ಆ ತಗಡಿನ ಮೇಲೆಯೇ ನೋಡಿಕೊಳ್ಳಿ.