ಕಲಬುರಗಿ ಬಿಸಿಲಿಗೆ ಕಾರಿನ ಬಣ್ಣ ಮಂಕಾಗಿದೆ. ಮನೆಯಲ್ಲೇ ಪಾಲಿಶ್, ವ್ಯಾಕ್ಸ್ ಮಾಡಬಹುದಾ?

ಖಂಡಿತ ಮಾಡಬಹುದು. ಆದರೆ ಎರಡೂ ಒಂದೇ ಅಲ್ಲ. ಪಾಲಿಶ್ ಮಾಡಿದರೆ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ತುಸು ಸವೆದು ಹೊಳಪು ಬರುತ್ತದೆ. ಆ ಪದರವೇ ಸಾಮಾನ್ಯವಾಗಿ ಕೂದಲಿಗಿಂತ ತೆಳುವು, ಹಾಗಾಗಿ ವರ್ಷಕ್ಕೊಮ್ಮೆಗಿಂತ ಜಾಸ್ತಿ ಬೇಡ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೊಂದು ರಕ್ಷಣೆಯ ಪದರ ಕೂರಿಸುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಹಚ್ಚಿ.

ನಮ್ಮಲ್ಲಿ ದೊಡ್ಡ ತೊಂದರೆ ಧೂಳು. ಸೇಡಂ, ವಾಡಿ, ಶಹಾಬಾದ್ ಕಡೆ ಓಡಾಡುವ ಗಾಡಿಯ ಮೇಲೆ ಸಿಮೆಂಟ್ ಪುಡಿ, ಕಲ್ಲಿನ ಪುಡಿ ಕೂತಿರುತ್ತದೆ. ಒಣ ಬಟ್ಟೆಯಿಂದ ಸುಮ್ನೆ ಒರೆಸಿದರೂ ಗೀರು ಬೀಳುತ್ತದೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಕಾರ್ ಶಾಂಪೂ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಗಡಸು ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಅಲ್ವಾ? ಬೆಳಿಗ್ಗೆ ಬೇಗ, ನೆರಳಲ್ಲೇ ಮಾಡಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ವ್ಯಾಕ್ಸ್ ಬೇಗ ಒಣಗಿ ಅಂಟಿಕೊಳ್ಳುತ್ತದೆ, ತೆಗೆಯುವುದು ಕಷ್ಟ. ಒಂದೊಂದೇ ಭಾಗಕ್ಕೆ ತೆಳ್ಳಗೆ ಹಚ್ಚಿ, ಮಂಜು ಕವಿದಂತೆ ಆದ ಮೇಲೆ ಒರೆಸಿ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶ್‌ನಿಂದ ಹೋಗುವುದಿಲ್ಲ, ಅದಕ್ಕೆ ಪೇಂಟರ್ ಹತ್ತಿರವೇ ಹೋಗಬೇಕು.